ಹಾಡೂ ಲೆಕ್ಕವೂ

ಸಣ್ಣ ಊರಿನ ಪ್ರೌಢಶಾಲೆಯಲ್ಲಿ ವಿದ್ಯಾರ್ಥಿಗಳ ಗಾಯನವೃಂದವೆಂದರೆ ವಾರ್ಷಿಕೋತ್ಸವದ ಅಲಂಕಾರ, ವ್ಯಾಪಾರದ ತರಗತಿಯೆಂದರೆ ಪರೀಕ್ಷೆಗೆ ಬಾರದ ಹೊರೆ ಎಂದೆಣಿಸುವವರು ನಮ್ಮಲ್ಲಿ ಹಲವರುಂಟು. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಮಟ್ಟಿಗಾದರೂ ಈ ಎಣಿಕೆ ತಪ್ಪೆಂದು ನಾವು ಹೇಳಬೇಕಾಗಿದೆ.

ಚಳ್ಳಕೆರೆಯು ಶೇಂಗಾ ಎಣ್ಣೆಗೂ ಕುರಿಯುಣ್ಣೆಯ ಕಂಬಳಿಗೂ ಹೆಸರಾದುದು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಹೆಸರೇನೋ ಊರಿಗೆ ಬಂದಿತು. ಲಾಭವು ಮಗ್ಗದ ಮನೆಗೆ ಬರಬೇಕಾದರೆ ರೇಷ್ಮೆಗೆಷ್ಟು, ಜರಿಗೆಷ್ಟು, ಕೂಲಿಗೆಷ್ಟು, ಸಾಲದ ಬಡ್ಡಿಗೆಷ್ಟು ಎಂಬುದನ್ನು ಆ ಮನೆಯ ಮಕ್ಕಳೇ ಬರೆದು ಕೂಡಿಸಬಲ್ಲವರಾಗಬೇಕು. ಇಲ್ಲವಾದರೆ ಆ ಲೆಕ್ಕವನ್ನು ಬೇರೆಯವರು ಮಾಡುವರು. ಅಂತಹ ಲೆಕ್ಕವು ನೇಯುವವನ ಕಡೆಗೆ ವಾಲುವುದು ಅಪರೂಪ.

ಹಾಡಿನ ಸಂಗತಿಯೂ ಹಾಗೆಯೇ. ಚಳ್ಳಕೆರೆ ಸೀಮೆಯ ಗೊಲ್ಲರಹಟ್ಟಿಯ ಸಿರಿಯಜ್ಜಿಯವರು ಅಕ್ಷರವನ್ನರಿಯದೆಯೇ ಸಾವಿರಾರು ಪದಗಳನ್ನು ಕಂಠದಲ್ಲಿ ಧರಿಸಿದ್ದರು. ವಿದ್ವಾಂಸರು ಅವನ್ನು ಬರೆದುಕೊಂಡುದು ನಾಡಿನ ಪುಣ್ಯ. ಆದರೆ ಪುಸ್ತಕ ಸೇರಿದ ಪದವು ಮಕ್ಕಳ ಬಾಯಿಯನ್ನು ಸೇರದಿದ್ದರೆ ಉಳಿದಂತಾಗದು.

ಆದುದರಿಂದ ಗಾಯನವೃಂದವು ಹಟ್ಟಿಯ ಪದವನ್ನು ಕಲಿಯಲಿ, ವ್ಯಾಪಾರದ ತರಗತಿಯು ಮಗ್ಗದ ಲೆಕ್ಕವನ್ನು ಬರೆಯಲಿ. ವಾರಕ್ಕೆ ಎರಡು ಪಿರಿಯಡ್ಡುಗಳಾದರೂ ಸಾಕು. ವಿದ್ಯಾಧಿಕಾರಿಗಳೂ ಊರ ಮಹನೀಯರೂ ಇದಕ್ಕೆ ಮನಸ್ಸು ಮಾಡುವರೆಂದು ನಾವು ನಂಬಿದ್ದೇವೆ.