ಗಲ್ಲಾದ ಬಳಿಗೆ ಬಂದ ಕರೆ

‘ಶಿಷ್ಯ’ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಗುರುಕುಲ, ಮಠ, ಕಾಷಾಯವಸ್ತ್ರ. ಕ್ರೈಸ್ತ ಬಂಧುಗಳು ‘ಕ್ರಿಸ್ತನ ಶಿಷ್ಯತ್ವ’ ಎಂದಾಗಲೂ ಅದು ಪಾದ್ರಿಗಳಿಗೂ ಕನ್ಯಾಸ್ತ್ರೀಯರಿಗೂ ಮಾತ್ರ ಸಲ್ಲುವ ಮಾತೆಂದು ನಾವು ಬಹುಕಾಲ ತಿಳಿದಿದ್ದೆವು. ಈ ತಿಳಿವಳಿಕೆಯನ್ನು ತಿದ್ದಿದವರು ಪಂಡಿತರಲ್ಲ. ನಾವು ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದಾಗ ಸಂಜೆಯ ಹೊತ್ತು ಬಂದು ಲೆಕ್ಕ ಬರೆದುಕೊಡುತ್ತಿದ್ದ, ಮಂಗಳೂರು ಕಡೆಯ ಒಬ್ಬ ಕ್ರೈಸ್ತ ಗುಮಾಸ್ತರು.

ಸುವಾರ್ತೆಗಳನ್ನು ಓದಿದವರು ಬಲ್ಲರು: ಯೇಸುಸ್ವಾಮಿಯವರು ತಮ್ಮ ಮೊದಲ ಶಿಷ್ಯರನ್ನು ಕರೆದುದು ದೇವಾಲಯದಿಂದಲ್ಲ. ಪೇತ್ರನೂ ಅಂದ್ರೆಯನೂ ಗಲಿಲಾಯ ಸರೋವರದಲ್ಲಿ ಬಲೆ ಬೀಸುತ್ತಿದ್ದರು. ಯಾಕೋಬ, ಯೋಹಾನರು ತಂದೆಯೊಡನೆ ದೋಣಿಯಲ್ಲಿ ಕುಳಿತು ಬಲೆ ಸರಿಪಡಿಸುತ್ತಿದ್ದರು. ಮತ್ತಾಯನು ಸುಂಕದ ಕಟ್ಟೆಯಲ್ಲಿ ಹಣ ಎಣಿಸುವ ಉದ್ಯೋಗದಲ್ಲಿದ್ದನು. ಕೈ ಕೆಲಸದಲ್ಲಿರುವಾಗಲೇ ಕರೆ ಬಂದಿತು. ಅವರೆಲ್ಲ ಎದ್ದು ಹೋದರು. ಎದ್ದು ಹೋಗಲಾರದ ನಮ್ಮಂಥವರ ಗತಿಯೇನು? ಇದಕ್ಕೆ ಉತ್ತರ ನಮಗೆ ದೊರೆತುದು ಒಂದು ತಪ್ಪಿನ ಮೂಲಕ.

ಒಂದು ದಿನ ಗಲ್ಲಾದಲ್ಲಿ 500 ರೂಪಾಯಿ ಕಡಿಮೆ ಬಂದಿತು. ನಾವಿಲ್ಲದ ಹೊತ್ತಿನಲ್ಲಿ ಅಲ್ಲಿ ನಿಂತಿದ್ದವನು ಕುಂದಾಪುರ ಕಡೆಯ ಒಬ್ಬ ಮಾಣಿ. ಹೆಚ್ಚು ವಿಚಾರಿಸದೆ ಅವನ ಸಂಬಳದಲ್ಲಿ ಆ ಹಣವನ್ನು ಮುರಿದುಕೊಂಡು ಕೆಲಸದಿಂದ ಬಿಡಿಸಿದೆವು. ಊರಿನಲ್ಲಿ ಅವನ ತಂದೆಗೂ ಸುದ್ದಿ ಮುಟ್ಟಿತು. ತಿಂಗಳ ಕೊನೆಗೆ ಗುಮಾಸ್ತರು ಹಾಲಿನವನ ಚೀಟಿಯೊಂದನ್ನು ನಮ್ಮ ಮುಂದಿಟ್ಟರು. ಆ ಹಣವನ್ನು ನಾವೇ ಕೊಟ್ಟು, ಬರೆದಿಡಲು ಮರೆತಿದ್ದೆವು.

“ಹುಡುಗ ಹೋಗಿ ಆಯಿತಲ್ಲ. ಖರ್ಚಿಗೆ ಬರೆದುಬಿಡಿ” ಎಂದೆವು.

“ಬರೆಯುತ್ತೇನೆ ರಾಯರೇ. ಆದರೆ ಅವನಿಗೆ ನಾವು ಕೊಡಬೇಕಾದುದನ್ನು ಯಾವ ಖಾತೆಗೆ ಬರೆಯಲಿ?” ಎಂದು ಅವರು ಪೆನ್ನನ್ನು ಕೆಳಗಿಟ್ಟರು.

ಆ ರಾತ್ರಿ ಅವರು ಲೂಕನ ಸುವಾರ್ತೆಯ ಜಕ್ಕಾಯನ ಕಥೆ ಹೇಳಿದರು. ಯೆರಿಕೋ ಊರಿನ ಸುಂಕದವರ ಮುಖಂಡನಾದ ಅವನು ಕುಳ್ಳ; ಜನಸಂದಣಿಯಲ್ಲಿ ಯೇಸುಸ್ವಾಮಿಯವರನ್ನು ಕಾಣಲಾರದೆ ಮರ ಹತ್ತಿದ್ದನು. ಅವರು ಅವನ ಮನೆಗೇ ಅತಿಥಿಯಾಗಿ ಹೋದರು. ಆಗ ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂತಿರುಗಿಸುವುದಾಗಿಯೂ ಹೇಳಿದನು. ಅವನು ಉದ್ಯೋಗ ಬಿಟ್ಟನೆಂದು ಲೂಕನು ಬರೆದಿಲ್ಲ. ತಾನು ವಂಚಿಸಿದವರ ಮುಖವನ್ನು ದಿನವೂ ನೋಡುತ್ತ ಲೆಕ್ಕ ತೀರಿಸುವುದು ಊರು ಬಿಟ್ಟು ಹೋಗುವುದಕ್ಕಿಂತ ಸುಲಭವೇ?

ಗುಮಾಸ್ತರು ನಮ್ಮನ್ನು ತಮ್ಮ ಮತಕ್ಕೆ ಕರೆಯಲಿಲ್ಲ. “ಆದಿತ್ಯವಾರ ಇಗರ್ಜಿಗೆ ಹೋಗಿ, ಸೋಮವಾರ ಈ ಪುಸ್ತಕದಲ್ಲಿ ಸುಳ್ಳು ಬರೆದರೆ ನಾನು ಯಾರ ಶಿಷ್ಯ?” ಎಂದು ತಮ್ಮನ್ನೇ ಕೇಳಿಕೊಂಡರು.

ನಾಲ್ಕು ದಿನ ಹುಡುಕಿದ ಮೇಲೆ ಮಾಣಿ ಮಾಟುಂಗದ ಒಂದು ಹೋಟೆಲಿನಲ್ಲಿ ಸಿಕ್ಕಿದನು. ಕಥೆಯನ್ನು ನೆನೆದು 2,000 ರೂಪಾಯಿ ಮುಂದೆ ಹಿಡಿದೆವು. ಅವನು 500 ಮಾತ್ರ ಎಣಿಸಿಕೊಂಡು ಉಳಿದುದನ್ನು ಹಿಂದಕ್ಕೆ ಕೊಟ್ಟನು. “ಇಷ್ಟು ಸಾಕು ಧಣಿ. ನಾನು ಕದಿಯಲಿಲ್ಲ ಅಂತ ಅಪ್ಪಯ್ಯನಿಗೆ ಒಂದು ಕಾಗದ ಬರೆಯಿರಿ” ಎಂದನು. ಹಣ ಕೊಡುವುದು ಸುಲಭವಾಗಿತ್ತು. ಆ ಕಾಗದ ಸುಲಭವಾಗಿರಲಿಲ್ಲ. ಮುಂದೆ ಸಂಪಾದಕರಾಗಿ ಎಷ್ಟೋ ಲೇಖನಗಳನ್ನು ಬರೆದಿದ್ದೇವೆ. ಆ ಮೂರು ಸಾಲಿನಷ್ಟು ಹೊತ್ತು ಹಿಡಿದುದು ಬೇರೊಂದಿಲ್ಲ. ಉತ್ತರ ಬರಲಿಲ್ಲ.

ಒಂದು ಕಾಗದದಿಂದ ಮುಗಿಯುವ ಸಂಗತಿಯೂ ಇದಲ್ಲ. ಮುಂದೆ ಗುಮಾಸ್ತರು ಒಂದು ಚಿಕ್ಕ ಪುಸ್ತಕ ತಂದುಕೊಟ್ಟರು. ಅದು ಫ್ರಾನ್ಸ್ ದೇಶದ ಸಹೋದರ ಲಾರೆನ್ಸ್ ಅವರ ಸಂಭಾಷಣೆಗಳೂ ಪತ್ರಗಳೂ ಸೇರಿದ ಗ್ರಂಥ. ಅವರು ಲೊರೇನ್ ಸೀಮೆಯವರು. ಮೊದಲು ಸೈನಿಕರಾಗಿದ್ದು ಗಾಯಗೊಂಡವರು. 1640ರಲ್ಲಿ ಪ್ಯಾರಿಸ್ಸಿನ ಕಾರ್ಮೆಲೈಟ್ ಮಠವನ್ನು ಪಾದ್ರಿಯಾಗಿ ಅಲ್ಲ, ಸೇವೆಯ ಸಹೋದರರಾಗಿ ಸೇರಿದರು. ಅವರಿಗೆ ಒದಗಿದುದು ಅಡಿಗೆಮನೆ. ಆ ಕೆಲಸದ ಮೇಲೆ ಅವರಿಗೆ ಸ್ವಭಾವತಃ ಬೇಸರ. ಆದರೂ ಸುಮಾರು 15 ವರ್ಷ ಒಲೆಯ ಮುಂದೆ ದುಡಿದರು, ಬಳಿಕ ಮಠದವರ ಪಾದರಕ್ಷೆಗಳನ್ನು ಹೊಲಿದರು. ಪ್ರಾರ್ಥನೆಯ ಹೊತ್ತು ಬೇರೆ, ದುಡಿಮೆಯ ಹೊತ್ತು ಬೇರೆ ಎಂಬ ಭೇದವನ್ನು ಅವರು ಉಳಿಸಿಕೊಳ್ಳಲಿಲ್ಲ. ಬಾಣಲೆಯಲ್ಲಿರುವುದನ್ನು ಮಗುಚುವ ಕೆಲಸವೂ ದೇವರ ಪ್ರೀತಿಗಾಗಿಯೇ ಆಗಬಹುದೆಂದು ಕಂಡುಕೊಂಡವರು ಅವರು. 1691ರಲ್ಲಿ ತೀರಿಕೊಂಡರು. ಮಠಾಧಿಪತಿಗಳಲ್ಲದ ಈ ಅಡಿಗೆಯವರ ಮಾತುಗಳನ್ನು ಜನ ಇಂದಿಗೂ ಓದುತ್ತಿದ್ದಾರೆ.

ಹೋಟೆಲಿನ ಅಡಿಗೆಮನೆಯ ಹೊಗೆ, ಗದ್ದಲ, ಸಿಟ್ಟು, ಆತುರಗಳನ್ನು ಕಂಡವರಿಗೆ ಈ ಸಾಧನೆಯ ಬೆಲೆ ತಿಳಿದೀತು. ಕ್ರೈಸ್ತ ವಾಚಕರಿಗೆ ಅವರ ಧರ್ಮವನ್ನು ಬೋಧಿಸುವ ಅಧಿಕಾರ ನಮಗಿಲ್ಲ. ಅವರಲ್ಲೊಬ್ಬರಿಂದ ಕಲಿತುದನ್ನು ಹೇಳುವ ಋಣ ಮಾತ್ರ ಇದೆ. ಕರೆ ದೂರದಿಂದ ಬರುವುದಿಲ್ಲ. ಲೆಕ್ಕದ ಪುಸ್ತಕ ತೆರೆದಿರುವಾಗ, ಎದುರಿಗೆ ನಿಂತ ಮಾಣಿಯ ಮುಖದಲ್ಲಿ ಬರುತ್ತದೆ. ಗುಮಾಸ್ತರು ಈಗ ಊರಿಗೆ ಹಿಂತಿರುಗಿದ್ದಾರೆ. ಅವರು ಬರೆದ ಆ ವರ್ಷದ ಪುಸ್ತಕವನ್ನು ನಾವು ಇನ್ನೂ ಇಟ್ಟುಕೊಂಡಿದ್ದೇವೆ.