ಜಾತರೂಪವೂ ಚೌಳೂ

ವಳಕಮದಿನ್ನಿಯ ಕಡೆಯಿಂದ ಬರುವ ಹುಡುಗನೊಬ್ಬನಿಗೆ ವ್ಯಾಕರಣದ ಧಾತುಗಳನ್ನು ಹೇಳಿಕೊಡುತ್ತಿದ್ದೆ. ಅವನ ಮನಸ್ಸು ರಸಾಯನದ ಧಾತುಗಳ ಮೇಲಿತ್ತು. "ಹಟ್ಟಿ ಗಣಿಯಾಗ ಬಂಗಾರ ಬಂಗಾರಾಗೇ ಸಿಗತೈತಂತ್ರಿ. ಕಬ್ಬಿಣ ಯಾಕ ಹಂಗ ಸಿಗಂಗಿಲ್ರೀ ಸರ?" ಎಂದ.

ಪ್ರಶ್ನೆ ಸಣ್ಣದಲ್ಲ. ಅಮರಕೋಶದಲ್ಲಿ ಚಿನ್ನಕ್ಕೆ ಜಾತರೂಪವೆಂಬ ಹೆಸರುಂಟು; ಹುಟ್ಟಿನಿಂದಲೇ ರೂಪವನ್ನು ಪಡೆದದ್ದು ಎಂದು ಪದವನ್ನು ಬಿಡಿಸಬಹುದು. ರಸಾಯನಶಾಸ್ತ್ರವೂ ಇದನ್ನು ಒಪ್ಪುತ್ತದೆ. ಚಿನ್ನದ ಪರಮಾಣು ತನ್ನ ಹೊರಗಿನ ಎಲೆಕ್ಟ್ರಾನನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಮ್ಲಜನಕಕ್ಕಾಗಲಿ ನೀರಿಗಾಗಲಿ ಸುಲಭವಾಗಿ ಬಿಟ್ಟುಕೊಡದು. ಸುಮಾರು 250 ಕೋಟಿ ವರ್ಷಗಳ ಹಿಂದೆ ಭೂಗರ್ಭದ ಬಿಸಿನೀರು ಗಂಧಕದ ನೆರವಿನಿಂದ ಅದನ್ನು ಕರಗಿಸಿಕೊಂಡು ಬಂದು, ಹಟ್ಟಿಯ ಬಂಡೆಗಳ ಬಿರುಕುಗಳಲ್ಲಿ ಬೆಣಚುಕಲ್ಲಿನೊಡನೆ ಬಿಟ್ಟುಹೋಯಿತು. ಆದರೆ ಗಟ್ಟಿಗಟ್ಟಿಯಾಗಿ ಸಿಕ್ಕೀತೆಂದು ಯಾರೂ ಗುದ್ದಲಿ ಹಿಡಿದು ಹೊರಡುವುದು ಬೇಡ. ಒಂದು ಟನ್ ಕಲ್ಲನ್ನು ಅರೆದರೆ ದೊರೆಯುವುದು ಕೆಲವೇ ಗ್ರಾಂ. ಈ ಆಸೆಯೇ ನಮ್ಮ ಸೀಮೆಗೆ ಇನ್ನೊಂದು ನಿಧಿಯನ್ನೂ ಕೊಟ್ಟಿತು: ಅಶೋಕನ ಹೆಸರುಳ್ಳ ಮಸ್ಕಿಯ ಶಾಸನವನ್ನು 1915ರಲ್ಲಿ ಕಂಡವರು ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರು.

ಕಬ್ಬಿಣದ ಸ್ವಭಾವ ಬೇರೆ. ನಮ್ಮ ಹಿಂದಿನವರು ಅದನ್ನು ಕರಿಯ ಪೊನ್ನೆಂದರು. ಆದರೆ ಪೊನ್ನಿನ ಸಂಯಮ ಅದಕ್ಕಿಲ್ಲ. ಆಮ್ಲಜನಕ ಸಿಕ್ಕೊಡನೆ ಕೂಡಿಕೊಳ್ಳುತ್ತದೆ. ಸಂಡೂರಿನ ಕೆಂಪು ಅದಿರಿನಲ್ಲಿ, ಶುದ್ಧವಾದಲ್ಲಿ, ನೂರಕ್ಕೆ ಎಪ್ಪತ್ತು ಪಾಲು ಕಬ್ಬಿಣ, ಮೂವತ್ತು ಪಾಲು ಆಮ್ಲಜನಕ. ಇವೆರಡನ್ನು ಅಗಲಿಸಲು ಇದ್ದಿಲಿನ ಬೆಂಕಿ ಬೇಕು. ಲೋಹರೂಪದ ಕಬ್ಬಿಣ ಮುಖ್ಯವಾಗಿ ಆಕಾಶದಿಂದ ಬಿದ್ದ ಉಲ್ಕೆಗಳಲ್ಲಿ ಸಿಗುತ್ತದೆ.

ಸೋಡಿಯಂ ಇನ್ನೂ ಚಂಚಲ. ಅದು ಪ್ರಕೃತಿಯಲ್ಲಿ ಒಂಟಿಯಾಗಿ ಸಿಗುವುದೇ ಇಲ್ಲ. ಆದರೂ ಸಿಂಧನೂರಿನ ರೈತ ಅದನ್ನು ಬಲ್ಲ. 1953ರಲ್ಲಿ ತುಂಗಭದ್ರೆಯ ನೀರು ಹರಿಯತೊಡಗಿದ ಮೇಲೆ, ಬಸಿಗಾಲುವೆಯಿಲ್ಲದ ಎರೆಹೊಲಗಳಲ್ಲಿ ನೀರು ನಿಂತಿತು, ಅಂತರ್ಜಲ ಮೇಲೇರಿ ಬಿಸಿಲಿಗೆ ಆರಿತು, ಉಪ್ಪು ಮೇಲುಳಿಯಿತು. ಅದೇ ಚೌಳು. ಆ ಹುಡುಗನ ತಂದೆಯ ಎರಡು ಎಕರೆ ಹೀಗೆಯೇ ಬೆಳ್ಳಗಾಗಿದೆ. ಬಸಿಗಾಲುವೆ ತೋಡಿ, ಅಗತ್ಯವಿದ್ದಲ್ಲಿ ಜಿಪ್ಸಂ ಹಾಕಿ, ಉಪ್ಪನ್ನು ತೊಳೆದು ಹರಿಯಬಿಡಬೇಕು. ಬರಿಯ ನೀರು ಕಟ್ಟಿದರೆ ರೋಗ ಹೆಚ್ಚುತ್ತದೆ.

ಈಗ ಹೆಸರುಳ್ಳ ಧಾತುಗಳು 118. ಅವುಗಳಲ್ಲಿ ಸುಮಾರು 94 ಮಾತ್ರ ಪ್ರಕೃತಿಯಲ್ಲಿವೆ, ಕೆಲವು ಲೇಶಮಾತ್ರ. ಯುರೇನಿಯಂ ಅರ್ಧಕ್ಕಿಳಿಯಲು 447 ಕೋಟಿ ವರ್ಷ ಬೇಕು. ಭೂಮಿಯ ವಯಸ್ಸೂ ಹತ್ತಿರಹತ್ತಿರ ಅಷ್ಟೇ. ಆದ್ದರಿಂದ ಅದು ಉಳಿದಿದೆ. 1937ರಲ್ಲಿ ಮೊದಲು ಗುರುತಿಸಲ್ಪಟ್ಟ ಟೆಕ್ನೀಷಿಯಂಗೆ ಹೆಚ್ಚೆಂದರೆ ನಲವತ್ತೆರಡು ಲಕ್ಷ ವರ್ಷ; ಹುಟ್ಟಿನಲ್ಲಿದ್ದುದೆಲ್ಲ ಎಂದೋ ಕರಗಿಹೋಯಿತು.

ಹುಡುಗ ಮತ್ತೆ ಕೇಳಿದ: "ತಾನಾಗಿ ಹುಟ್ಟಿದ್ದು ಒಳ್ಳೇದ ಅಲ್ರೀ ಸರ?" ಹಾಗೆಂದು ನಂಬಬಾರದು. ಹಟ್ಟಿಯ ಶಿಲೆಯಲ್ಲಿ ಚಿನ್ನದ ನೆರೆಯಲ್ಲೇ ಆರ್ಸೆನಿಕ್ ಉಂಟು, ಕಬ್ಬಿಣ ಗಂಧಕಗಳ ಜತೆಗೂಡಿ. ನಮ್ಮ ನುಡಿಯಲ್ಲಿ ಅದು ಪಾಷಾಣ. ಕಲ್ಲೆಂದೂ ಅದೇ ಪದ, ವಿಷವೆಂದೂ ಅದೇ ಪದ. ಅಂಥ ಶಿಲೆಯಿಂದ ಕೊಳವೆಬಾವಿಗೆ ಇಳಿದರೆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಹೋಗದು, ಆವಿಯಾದಷ್ಟೂ ಗಾಢವಾಗುತ್ತದೆ. ಲೀಟರಿಗೆ 0.01 ಮಿಲಿಗ್ರಾಂ ಮೀರಬಾರದೆಂದು ನಿಯಮ. ಮರುದಿನ ಹುಡುಗ ಮನೆಯ ಬಾವಿಯ ನೀರನ್ನು ಶೀಸೆಯಲ್ಲಿ ತುಂಬಿಕೊಂಡು ಬಂದ. ಅದನ್ನು ಪರೀಕ್ಷೆಗೆ ಕಳುಹಿಸಿದ್ದೇವೆ.