ತೋಟದ 'ಸಿಸಿಸಿ', ತತ್ತಿಯ ಕೋಲೀನ್ ಒಂದೇನಾ?

ಪ್ರಶ್ನೆ: ತಿಕೋಟಾ, ಬಬಲೇಶ್ವರ ಕಡೆ ಚಾಟ್ನಿಯಾದ (ಬಳ್ಳಿ ಸವರಿದ) ಮೇಲೆ ದ್ರಾಕ್ಷಿಗೆ ಹೊಡೆಯುವ 'ಸಿಸಿಸಿ' ಅಂದ್ರ ಕ್ಲೋರೋಕೋಲೀನ್ ಕ್ಲೋರೈಡ್ ಅಂತ. ತತ್ತಿಯೊಳಗೂ ಕೋಲೀನ್ ಐತಂತಲ್ಲ, ಎರಡೂ ಒಂದೇನಾ?

ಉತ್ತರ: ಅಲ್ಲ. ಹೆಸರಿನಲ್ಲಿ ನಂಟಿದೆ, ಕೆಲಸ ಬೇರೆ. ಕೋಲೀನ್ ಅಣುವಿನ ತುದಿಯ ಹೈಡ್ರಾಕ್ಸಿಲ್ ಜಾಗದಲ್ಲಿ ಕ್ಲೋರಿನ್ ಕೂತರೆ ಅದು ಸಿಸಿಸಿ. ಬಳ್ಳಿಯಲ್ಲಿ ಬೆಳವಣಿಗೆಯ ಹಾರ್ಮೋನು ಜಿಬ್ಬರೆಲಿನ್ ತಯಾರಾಗದಂತೆ ತಡೆದು, ಕುಡಿಯ ಓಟಕ್ಕೆ ಕಡಿವಾಣ ಹಾಕುತ್ತದೆ. 2010ರಲ್ಲಿ ಇದರ ಉಳಿಕೆಯಿಂದಾಗಿ ಯುರೋಪಿನಲ್ಲಿ ಭಾರತದ ದ್ರಾಕ್ಷಿ ತಿರಸ್ಕೃತವಾಗಿತ್ತು.

ಕೋಲೀನ್ ಪೋಷಕಾಂಶ. ಯಕೃತ್ತಿನಲ್ಲಿ ಕೊಬ್ಬು ಕಟ್ಟದಿರಲು, ನರಗಳ ಸಂದೇಶವಾಹಕ ಅಸಿಟೈಲ್‌ಕೋಲೀನ್ ತಯಾರಾಗಲು ಅದು ಬೇಕು. ಒಂದು ದೊಡ್ಡ ತತ್ತಿಯಲ್ಲಿ ಸುಮಾರು 150 ಮಿಲಿಗ್ರಾಂ ಇರುತ್ತದೆ, ಬಹುಪಾಲು ಹಳದಿಯಲ್ಲಿ. ಅಮೆರಿಕದ ತಜ್ಞರು 1998ರಲ್ಲಿ ಹೇಳಿದ ದಿನದ ಪ್ರಮಾಣ ಗಂಡಸರಿಗೆ 550, ಹೆಂಗಸರಿಗೆ 425 ಮಿಲಿಗ್ರಾಂ. ತತ್ತಿ ತಿನ್ನದವರಿಗೆ ಶೇಂಗಾ ಹಿಂಡಿ, ಕಡಲೆ, ಹಾಲಿನಿಂದ ಸ್ವಲ್ಪಸ್ವಲ್ಪ ಸಿಗುತ್ತದೆ. ಸಿಸಿಸಿ ಡಬ್ಬಿ ಮಾತ್ರ ಅಡುಗೆಮನೆಯಿಂದ ದೂರವೇ ಇರಲಿ.